ಮುನಿಶಾಮಪ್ಪನವರ ಮಿದುಳಿಗೆ ಕ್ಯೂರಿಂಗು

"ಈ ಸಲ ಒಂದು ಚೂರು ಕಾಗದಾನೂ ಮುಟ್ಟಲ್ಲ. ಆರ್ನೂರು ಮನೆ ಕರೆಯೋದು ಪೂರಾ ಇಲ್ಲಿಂದಾನೇ!" ಎಂದು ತಣಿಸಂದ್ರದ ಮುನಿಶಾಮಪ್ಪನವರು ತೆಂಗಿನಕಾಯಿ ಆರಿಸುವವರ ಹಾಗೆ ತಮ್ಮ ತಲೆಯನ್ನು ಬೆರಳಿನಿಂದ ಟಕಟಕ ಬಡಿದು ಘೋಷಿಸಿದರು.

ಶಬ್ದ ಕೇಳಿಸಿಕೊಂಡ ಹೆಂಡತಿ ಲಕ್ಷ್ಮಿದೇವಮ್ಮ, "ಎಳನೀರೂ ಇಲ್ಲ, ಗಂಜೀನೂ ಇಲ್ಲ. ಒಣಗೋಗಿ ಒಳಗೆ ಗಿಟಕು ಆಡ್ತೈತೆ" ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋದರು.

ಇದು ಎರಡು ಸಾವಿರದ ಹದಿನಾರರ ಮಾತು. ಮಗಳು ಮೋನಿಕಾ ಮದುವೆಗೆ ಇನ್ನು ಒಂದೂವರೆ ತಿಂಗಳಿತ್ತು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆಯುತ್ತಿದ್ದ ಮುನಿಶಾಮಪ್ಪನವರಿಗೆ ಕಾಗದದ ಮೇಲೆ ಇಷ್ಟೊಂದು ಸಿಟ್ಟು ಬರಲು ಕಾರಣವಿತ್ತು. ಐದು ವರ್ಷದ ಹಿಂದೆ ಮಗ ಶರತ್ ಮದುವೆಗೆ ಅವರು ಮೂವತ್ತೆರಡು ಪುಟದ ಪಟ್ಟಿ ಬರೆಸಿದ್ದರು. ಅದರಲ್ಲಿ ಹಾಲಿನವನಿದ್ದ, ಬೋರ್‌ವೆಲ್ ಕೊರೆದವನಿದ್ದ, ಆ ಬೋರ್‌ವೆಲ್ಲಿನಲ್ಲಿ ನೀರು ಬರುತ್ತದೆಂದು ಸುಳ್ಳು ಹೇಳಿದವನೂ ಇದ್ದ. ಇಲ್ಲದೇ ಇದ್ದವರು ಒಬ್ಬರೇ: ಒಡಹುಟ್ಟಿದ ಅಕ್ಕ, ಅಬ್ಬಿಗೆರೆಯ ದ್ರೌಪದಮ್ಮ! ಸ್ವಂತ ಅಕ್ಕನ ಹೆಸರನ್ನು ಯಾರಾದರೂ ಪಟ್ಟಿಯಲ್ಲಿ ಬರೆಯುತ್ತಾರೆಯೇ? ಬರೆಯಲಿಲ್ಲ. ಬರೆಯದ್ದರಿಂದ ಹೋಗಲಿಲ್ಲ. ಚಪ್ಪರದ ದಿನ ಸಂಜೆ ನೆನಪಾಗಿ, ಡ್ರೈವರ್ ಕಾಡಪ್ಪನ ಕೈಲಿ ಒಂದು ಕಾರ್ಡು ಕಳಿಸಿದರು.

ಕುಂಕುಮವಿಲ್ಲ, ಎಲೆ ಅಡಿಕೆಯಿಲ್ಲ, ಮನೆ ಹೆಣ್ಣುಮಕ್ಕಳಿಲ್ಲ. ಕರೆಂಟ್ ಬಿಲ್ಲು ಕೊಟ್ಟ ಹಾಗೆ ಡ್ರೈವರ್ ಬಂದು ಕಾರ್ಡು ಕೊಟ್ಟು ಹೋದ. ದ್ರೌಪದಮ್ಮ ಮದುವೆಗೆ ಬರಲಿಲ್ಲ. ಅಂದಿನಿಂದ ಅಬ್ಬಿಗೆರೆಯ ಒಂದು ಮಾತೂ ಹೆಬ್ಬಾಳದ ಫ್ಲೈಓವರ್ ದಾಟಿ ಈಚೆಗೆ ಬಂದಿರಲಿಲ್ಲ.

ಈಗ ಮೋನಿಕಾ ಪಟ್ಟು ಹಿಡಿದಿದ್ದಳು. "ಅಪ್ಪಾ, ಅರಿಶಿನ ಹಚ್ಚೋಕೆ ಮೊದಲು ಅತ್ತೆ ಕೈನೇ ಬೀಳ್ಬೇಕು. ಅತ್ತೆ ಬರ್ಲಿಲ್ಲಾಂದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ. ಹುಡುಗನ್ನ ನೀವೇ ಮಾತಾಡಿಸಿ ಕಳಿಸ್ಬಿಡಿ."

"ಮರೆಯೋ ಮಾತೇ ಇಲ್ಲ ಕಣಮ್ಮ! ನನ್ನ ಜ್ಞಾಪಕಶಕ್ತಿ ಅಂದ್ರೆ..."

"ನಿಮ್ಮ ಜ್ಞಾಪಕಶಕ್ತಿ ನಂಗೆ ನಮ್ಮ ಮದ್ವೇಲೇ ಗೊತ್ತಾಗೋಯ್ತು" ಎಂದು ಅಡುಗೆಮನೆಯಿಂದ ದನಿ ಬಂತು. "ನಮ್ಮ ಸೋಲದೇವನಹಳ್ಳಿ ದಾಸಪ್ಪ ಮಾವನ್ನ ಕರ್ದು ಬಾ ಅಂತ ನಿಮ್ಮಪ್ಪ ಸೈಕಲ್ ಕೊಟ್ಟು ಕಳಿಸಿದ್ರೆ, ಯಶವಂತಪುರದ ಸಂತೇಲಿ ಕೋಳಿಜಗಳ ನೋಡ್ಕೊಂಡು ವಾಪಸ್ ಬಂದವರಲ್ವಾ ನೀವು?"

"ಅದು ಎಪ್ಪತ್ತೈದನೇ ಇಸವಿ ಮಾತು ಕಣೇ! ಇನ್ನೂ ಬಿಡಲ್ವಲ್ಲ!"

ಇಂಥ ಸಂಕಟದ ಹೊತ್ತಿನಲ್ಲಿ ಅವತರಿಸಿದವರು ಯೋಗಾನಂದ. ಮುನಿಶಾಮಪ್ಪನವರೇ ಕಟ್ಟಿಸಿದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದು, ನಿವೃತ್ತಿಯಾದ ಮೇಲೆ ಲೋಕದ ಆರೋಗ್ಯವನ್ನೆಲ್ಲ ಡಬ್ಬಿಯಲ್ಲಿ ತುಂಬಿ ಮಾರುವ ಹೊಣೆ ಹೊತ್ತವರು. ಅವರ ಕಣ್ಣಿಗೆ ಬಿದ್ದರೆ ಆರೋಗ್ಯವಂತನಿಗೂ ಮೂರು ಕಾಯಿಲೆ ಗ್ಯಾರಂಟಿ. ಅವರು ಒಂದು ಬಿಳಿ ಡಬ್ಬಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಹೇಳಿದರು:

"ಫಾಸ್ಫಟೈಡಿಲ್ ಸೆರೀನ್!"

"ಯಾರು ಆಯಮ್ಮ?"

"ಆಯಮ್ಮ ಅಲ್ಲ ಸಾರ್. ಇದೊಂದು ಫಾಸ್ಫೋಲಿಪಿಡ್ಡು. ಕೊಬ್ಬಿನ ಜಾತಿ, ಸೋಯಾಬೀನಿಂದ ತೆಗೀತಾರೆ. ಮಿದುಳಿನ ಒಂದೊಂದು ಜೀವಕೋಶಕ್ಕೂ ಒಂದು ಗೋಡೆ ಇರುತ್ತೆ ನೋಡಿ, ಆ ಗೋಡೇಲಿ ಇರೋ ವಸ್ತು ಇದು. ವಯಸ್ಸಾಗ್ತಾ ಕಮ್ಮಿ ಆಗುತ್ತಂತೆ. ಆದ್ರೆ ಒಂದು ಮಾತು, ಇದು ಔಷಧಿ ಅಲ್ಲ. ಆಹಾರ ಪೂರಕ."

ಕೊನೆಯ ಮಾತು ಮುನಿಶಾಮಪ್ಪನವರ ಕಿವಿಯವರೆಗೆ ಹೋಗಲೇ ಇಲ್ಲ. ಅವರು 'ಗೋಡೆ' ಎಂಬಲ್ಲೇ ನಿಂತುಬಿಟ್ಟಿದ್ದರು. ನಲವತ್ತು ವರ್ಷ ಗೋಡೆ ಎಬ್ಬಿಸಿದ ಮನುಷ್ಯ!

"ಅಂಗನ್ನಿ ಮತ್ತೆ! ಗೋಡೆ ಬಿರುಕು ಬಿಟ್ಟೈತೆ, ಕ್ಯೂರಿಂಗು ಸಾಲದು. ನೀರು ಹೊಡೀಬೇಕು, ಅಷ್ಟೇ ತಾನೆ?"

"ಹೆಚ್ಚುಕಮ್ಮಿ ಹಾಗೇ" ಎಂದರು ಯೋಗಾನಂದ. ಗಿರಾಕಿಗೆ ಅರ್ಥವಾಗುವುದಕ್ಕಿಂತ ಒಪ್ಪಿಗೆಯಾಗುವುದು ಮುಖ್ಯವೆಂದು ಅವರ ಕಂಪನಿಯ ಮೀಟಿಂಗಿನಲ್ಲಿ ಹೇಳಿಕೊಟ್ಟಿದ್ದರು. ಮುನಿಶಾಮಪ್ಪನವರು ಎರಡು ಡಬ್ಬಿ ಕೊಂಡರು. ಆ ಹೆಸರನ್ನು ತಪ್ಪಿಲ್ಲದೆ ಹೇಳಬಲ್ಲವನಿಗೆ ಮಾತ್ರೆಯ ಅಗತ್ಯವೇ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಾದರೆ ಗೋಡೆ ಗಟ್ಟಿಯಿರಬೇಕಲ್ಲ!

ಮಾತ್ರೆಯ ಮಹಿಮೆ ಮಾರನೇ ದಿನವೇ ಶುರು. ಬೆಳಿಗ್ಗೆ ಎದ್ದವರೇ, "ಲೇ, ನನ್ನ ಕನ್ನಡಕ ಎಲ್ಲೈತೆ ಅಂತ ತಟ್ಟನೆ ನೆನಪಾಗೋಯ್ತು ಕಣೇ!" ಎಂದು ಕುಣಿದರು.

"ಮೂಗಿನ ಮೇಲೈತೆ. ನೆನಪಾಗೋಕೆ ಏನೈತೆ?"

"ಅದೇ! ಮುಂಚೆ ಆಗಿದ್ರೆ ಮೂಗೇ ನೆನಪಾಗ್ತಿರ್ಲಿಲ್ಲ!"

ಅಂದಿನಿಂದ ತಾಂಬೂಲದ ತಟ್ಟೆ, ಕುಂಕುಮದ ಬಟ್ಟಲು, ಕಾರ್ಡಿನ ಚೀಲ, ಹೆಂಡತಿ, ಕಾಡಪ್ಪ, ಇಷ್ಟನ್ನೂ ಕಾರಿಗೆ ತುಂಬಿಕೊಂಡು ದಿಗ್ವಿಜಯ ಹೊರಟಿತು. ಪಟ್ಟಿಯಿಲ್ಲದ ದಿಗ್ವಿಜಯ. ಆರ್.ಟಿ. ನಗರದಲ್ಲಿ ಟೈಲ್ಸ್ ಹಾಕಿಸುವ ಜಿಯಾವುಲ್ಲಾ ಮೂರನೇ ದಿನ ಬಾಗಿಲು ತೆಗೆದು ಬೆರಗಾಗಿ ನಿಂತರು. "ಅಣ್ಣಾ, ಮೊನ್ನೇನೂ ಕರೆದ್ರಿ, ನಿನ್ನೇನೂ ಕರೆದ್ರಿ. ಮೋನಿಕಾಗೆ ಮದುವೆ ಒಂದೇ ಅಲ್ವಾ?"

"ನೆನಪಿದ್ದೋರು ಎಷ್ಟು ಸಲ ಆದ್ರೂ ಕರೀತಾರೆ ಸಾಹೇಬ್ರೇ" ಎಂದು ಮುನಿಶಾಮಪ್ಪನವರು ಸಾವರಿಸಿಕೊಂಡರು. ಕಾರಿನಲ್ಲಿ ಲಕ್ಷ್ಮಿದೇವಮ್ಮ ಸೆರಗಿನ ತುದಿಯಿಂದ ಒಂದು ಮಡಚಿದ ಚೀಟಿ ತೆಗೆದು, ಪೆನ್ಸಿಲ್ಲಿನಿಂದ ಅವರ ಹೆಸರಿನ ಮೇಲೆ ಮೂರನೇ ಸಲ ಗೆರೆ ಎಳೆದು, ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಯಜಮಾನರು ಕಿಟಕಿಯಾಚೆ ನೋಡುತ್ತ ಮಿದುಳಿನ ಗೋಡೆಗಳನ್ನು ಮೆಚ್ಚಿಕೊಳ್ಳುತ್ತಿದ್ದರು.

ಕೊನೆಗೆ ಅಬ್ಬಿಗೆರೆಯ ದಿನ ಬಂತು. ದಾರಿಯುದ್ದಕ್ಕೂ ಮುನಿಶಾಮಪ್ಪನವರಿಗೆ ಒಂದೇ ಯೋಚನೆ. ಅಕ್ಕ ಬಾಗಿಲು ಹಾಕಿಕೊಂಡರೆ? ಪೊರಕೆ ತೆಗೆದುಕೊಂಡರೆ? ಅರಿಶಿನಕ್ಕೆ ಯಾರ ಕೈ? ಹೆದರಿಕೆಗೆ ಎರಡು ಮಾತ್ರೆ ಜಾಸ್ತಿಯೇ ನುಂಗಿದರು.

ಆದರೆ ಎಪ್ಪತ್ತೆಂಟರ ದ್ರೌಪದಮ್ಮ ಬಾಗಿಲಿಗೇ ಬಂದು ಎರಡೂ ಕೈ ಚಾಚಿದರು! "ಬಾರ್ಲಾ ಮುನಿಯಾ! ಶರತ್ ಮದ್ವೇಲಿ ನೋಡಿದ್ದು ನಿನ್ನ. ಆಮೇಲೆ ಈ ಕಡೆ ತಲೇನೇ ಆಕ್ಲಿಲ್ವಲ್ಲೋ! ಆ ಮದ್ವೆ ಪಾಯಸ ಇನ್ನೂ ನಾಲಿಗೆ ಮೇಲೈತೆ ಕಣಪ್ಪ!"

ಮುನಿಶಾಮಪ್ಪನವರ ಬಾಯಿ ತೆರೆಯಿತು. ಲಕ್ಷ್ಮಿದೇವಮ್ಮ ಅವರ ತೋಳನ್ನು ಉಗುರು ನಾಟುವ ಹಾಗೆ ಚಿವುಟಿದರು. ಬಾಯಿ ಮುಚ್ಚಿತು.

"ಹೂಂ ಅಕ್ಕಯ್ಯಾ... ಪಾಯಸ... ಚೆನ್ನಾಗಿತ್ತು."

"ನಾನು ಮೂರು ಸಲ ಆಕಿಸ್ಕೊಂಡೆ ಅಲ್ವಾ?"

"ನಾಲ್ಕು ಸಲ" ಎಂದರು ಮುನಿಶಾಮಪ್ಪನವರು. ಸುಳ್ಳನ್ನೂ ಕಂಜೂಸಿಲ್ಲದೆ ಬಡಿಸುವ ಮನುಷ್ಯ. ಅಕ್ಕ ಒಂದು ಗಳಿಗೆ ಅವರನ್ನೇ ನೋಡಿ, "ಹೂಂ" ಎಂದು ಒಳಗೆ ಹೋಗಿ ಬೆಲ್ಲದ ಕಾಫಿ ತಂದುಕೊಟ್ಟರು. ಕಾರ್ಡು ಕೊಟ್ಟದ್ದಾಯಿತು. ಕುಂಕುಮ ಇಟ್ಟದ್ದಾಯಿತು. ಕಾಲಿಗೆ ಬಿದ್ದದ್ದೂ ಆಯಿತು.

ಇಲ್ಲಿಗೆ ಎದ್ದು ಬಂದಿದ್ದರೆ ಈ ಕಥೆಯೇ ಇಲ್ಲ. ಹೊಸ್ತಿಲು ದಾಟುವಾಗ ತಮ್ಮನ ಕರುಳು ಕರಗಿತು. ಪಾಪ, ಅಕ್ಕನಿಗೆ ಇಷ್ಟೊಂದು ಮರೆವು! ಜೇಬಿನಿಂದ ಎರಡನೇ ಡಬ್ಬಿ ತೆಗೆದು ಅಕ್ಕನ ಕೈಗಿಟ್ಟರು. "ಅಕ್ಕಯ್ಯಾ, ದಿನಾ ಊಟ ಆದ್ಮೇಲೆ ಒಂದೊಂದು ನುಂಗು. ತಲೆ ಒಳಗಿನ ಗೋಡೆಗೆ ಕ್ಯೂರಿಂಗು. ಹಳೇದೆಲ್ಲ ಪಟಪಟ ಅಂತ ನೆನಪಾಗ್ತದೆ!"

ಕಾರಿನ ಬಾಗಿಲು ಮುಚ್ಚುವವರೆಗೆ ಲಕ್ಷ್ಮಿದೇವಮ್ಮ ನಗುತ್ತಲೇ ಇದ್ದರು. ಮುಚ್ಚಿದ ಮೇಲೆ ಕಾಡಪ್ಪ ಹೆದರಿ ರೇಡಿಯೋ ಆರಿಸಿದ.

"ಏನ್ ಯಜಮಾನ್ರೇ, ಐದು ವರ್ಷದ ಬೆಂಕಿ ತಾನಾಗೇ ಆರಿ ಬೂದಿ ಆಗಿತ್ತು. ನೀವು ಕೈಗೆ ಊದುಗೊಳವೆ ಕೊಟ್ಟು ಬಂದ್ರಲ್ಲ!"

ಮುನಿಶಾಮಪ್ಪನವರಿಗೆ ಆಗ ಅರ್ಥವಾಯಿತು. ಅಂದಿನಿಂದ ಅವರಿಗೆ ಮಾತ್ರೆಯಿಂದ ಬಂದ ನೆನಪು ಒಂದೇ: ಅಕ್ಕ ಮಾತ್ರೆ ನುಂಗುತ್ತಿದ್ದಾರೆ. ಫೋನು ಬಡಿದುಕೊಂಡರೆ ಬೆವರು. ಯೋಗಾನಂದರನ್ನು ಲಿಫ್ಟಿನಲ್ಲಿ ಅಡ್ಡಗಟ್ಟಿ ಕೇಳಿದರು, "ಈ ಪಾಸ್ಪೋಟು... ಅದು ಕೆಲಸ ಮಾಡ್ದೇ ಇರೋ ಸಾಧ್ಯತೆ ಎಷ್ಟು?"

"ಖಂಡಿತ ಕೆಲಸ ಮಾಡುತ್ತೆ ಸಾರ್!"

"ಥೂ, ಹಾಳಾಗ್ಲಿ!" ಎಂದರು ಮುನಿಶಾಮಪ್ಪನವರು. ಯೋಗಾನಂದರ ವ್ಯಾಪಾರದ ಬದುಕಿನಲ್ಲಿ ಇಂಥ ಗಿರಾಕಿ ಇದೇ ಮೊದಲು.

ಹನ್ನೆರಡನೇ ದಿನ ಫೋನು ಬಂತು.

"ಮುನಿಯಾ, ನಂಗೆ ನೆನಪಾಯ್ತು ಕಣ್ಲಾ."

"ಏ... ಏನು ಅಕ್ಕಯ್ಯಾ?"

"ಶರತ್ ಮದ್ವೆಗೆ ನಾನು ಬಂದೇ ಇರ್ಲಿಲ್ಲ! ಕಾಡಪ್ಪ ಬಂದು ಕಾರ್ಡು ಬಿಸಾಕ್ಬುಟ್ಟ. ಪಾಯಸಾನೂ ಇಲ್ಲ, ಪಲ್ಯಾನೂ ಇಲ್ಲ. ನಾಲ್ಕು ಸಲ ಆಕಿಸ್ಕೊಂಡ್ನಂತೆ, ನಾಲ್ಕು ಸಲ!"

"ಅಕ್ಕಯ್ಯಾ..."

"ನಿನ್ನ ಮಗಳ ಮದ್ವೆಗೆ ಬರಬೇಕಾದ್ರೆ ಮೊದಲು ಮಗನ ಮದ್ವೆಗೆ ಕರಿ. ಕ್ರಮವಾಗಿ. ಕುಂಕುಮ, ಕಾರ್ಡು ಎಲ್ಲಾ ಇರ್ಬೇಕು. ಆಮೇಲೆ ಮುಂದಿನ ಮಾತು."

ಮದುವೆಗೆ ಒಂಬತ್ತೇ ದಿನ. ಐದು ವರ್ಷದ ಹಿಂದಿನ ಕಾರ್ಡಿಗಾಗಿ ಇಡೀ ಮನೆಯನ್ನು ತಲೆಕೆಳಗು ಮಾಡಿದರು. ಅಟ್ಟದಲ್ಲಿ ಸಿಕ್ಕಿದ್ದು ಒಂದೇ ಕಾರ್ಡು. ಅದರ ಗಣಪತಿಗೆ ಶರತ್‌ನ ಮಗಳು ಕ್ರೇಯಾನಿನಲ್ಲಿ ಹಸಿರು ಮೀಸೆ ಬರೆದಿದ್ದಳು. ಅದನ್ನೇ ತಟ್ಟೆಯಲ್ಲಿಟ್ಟುಕೊಂಡು ಹೊರಟಿತು ಸವಾರಿ. ಮದುಮಗ ಶರತ್, ಮದುಮಗಳು ರಾಣಿ, ಅವರ ನಾಲ್ಕು ವರ್ಷದ ಮಗಳು. ಮದುಮಗಳಿಗೆ ಆಗ ಏಳು ತಿಂಗಳು ಬೇರೆ!

ದ್ರೌಪದಮ್ಮ ಜಗುಲಿಯ ಕುರ್ಚಿಯಲ್ಲಿ ನ್ಯಾಯಾಧೀಶರ ಹಾಗೆ ಕೂತಿದ್ದರು. ಮುನಿಶಾಮಪ್ಪನವರು ಕೈಮುಗಿದು, "ಅಕ್ಕಯ್ಯಾ, ನಮ್ಮ ಶರತ್ ಮದುವೆ ಇಟ್ಕೊಂಡಿದೀವಿ. ಮನೆಮಂದಿಯೆಲ್ಲ ಬಂದು ನಡೆಸಿಕೊಡ್ಬೇಕು" ಎಂದರು.

"ಓಹೋ, ಸಂತೋಷ! ಹುಡುಗಿ ಯಾರು?"

"ಇವಳೇ... ಇಲ್ಲೇ ನಿಂತವಳೆ."

ದ್ರೌಪದಮ್ಮ ರಾಣಿಯ ಹೊಟ್ಟೆ ನೋಡಿದರು. ಅವಳ ಸೆರಗು ಹಿಡಿದ ಮಗುವನ್ನು ನೋಡಿದರು. "ಬೇಗ ಮದ್ವೆ ಮಾಡ್ರಪ್ಪ. ಈಗ್ಲೇ ತಡ ಆದಂಗೈತೆ."

ಶರತ್ ಕಂಬ ಹಿಡಿದುಕೊಂಡು ನಕ್ಕ. ಮುನಿಶಾಮಪ್ಪನವರಿಗೆ ನಗುವ ಅಧಿಕಾರವಿರಲಿಲ್ಲ.

"ಮುಹೂರ್ತ ಯಾವತ್ತು?"

"ಎರಡು ಸಾವಿರದ ಹನ್ನೊಂದು... ಮೇ ಹದಿನೈದು."

ದ್ರೌಪದಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಆಕಾಶ ನೋಡಿದರು. "ಅವತ್ತು ಬರೋಕಾಗಲ್ಲ ಕಣಪ್ಪ. ಮನೇಲೇ ಕೂತು ಅಳೋ ಕೆಲಸ ಐತೆ."

ಮುನಿಶಾಮಪ್ಪನವರು ತಟ್ಟೆಯನ್ನು ಅಕ್ಕನ ಕಾಲ ಬಳಿ ಇಟ್ಟರು. ಐದು ವರ್ಷದಿಂದ ಒಳಗೇ ಉಳಿದಿದ್ದ ಮಾತು ಯಾವ ಮಾತ್ರೆಯ ನೆರವೂ ಇಲ್ಲದೆ ಹೊರಗೆ ಬಂತು. "ತಪ್ಪಾಯ್ತು ಅಕ್ಕಯ್ಯಾ."

"ಹಾಂ! ಇದು, ಇದು ಬೇಕಿತ್ತು!" ಎಂದು ದ್ರೌಪದಮ್ಮ ಎದ್ದು ಒಳಗೆ ಹೋಗಿ ಬಿಳಿ ಡಬ್ಬಿ ತಂದು ತಮ್ಮನ ತಟ್ಟೆಯಲ್ಲಿಟ್ಟರು. ಮುಚ್ಚಳದ ಸೀಲು ಒಡೆದೇ ಇರಲಿಲ್ಲ!

"ಅಕ್ಕಯ್ಯಾ, ನೀನು ಒಂದೂ ನುಂಗ್ಲಿಲ್ವಾ? ಮತ್ತೆ ನೆನಪು ಹೆಂಗೆ..."

"ಮರೆತಿದ್ರೆ ತಾನೇ ನೆನಪಾಗೋಕೆ! ಅವತ್ತು ಪಾಯಸದ ಮಾತು ತೆಗೆದಿದ್ದೇ ನೀನು 'ತಪ್ಪಾಯ್ತು' ಅಂತೀಯೇನೋ ಅಂತ. ನೀನು ನನಗೇ ನಾಲ್ಕು ಸಲ ಬಡಿಸ್ದೆ! ಮೋನಿಕಾಗೆ ಹೇಳು, ಚಪ್ಪರದ ದಿನ ಬೆಳಿಗ್ಗೇನೇ ಬರ್ತೀನಿ, ಅರಿಶಿನ ಕುಟ್ಟಿ ಇಟ್ಟಿವ್ನಿ ಅಂತ. ಈ ಡಬ್ಬಿ ನೀನೇ ಇಟ್ಕೋ."

ಗೆದ್ದೆವೋ ಸೋತೆವೋ ತಿಳಿಯದೆ ಮುನಿಶಾಮಪ್ಪನವರು ಕಾರು ಹತ್ತಿ ಉಸಿರು ಬಿಟ್ಟರು. ಬಿಟ್ಟ ಉಸಿರು ಪೂರಾ ಹೊರಗೆ ಬರುವ ಮುಂಚೆಯೇ ಲಕ್ಷ್ಮಿದೇವಮ್ಮ ಮುಂದಕ್ಕೆ ಬಾಗಿ, "ಕಾಡಪ್ಪಾ, ಗಾಡಿ ಸೋಲದೇವನಹಳ್ಳಿ ಕಡೆ ತಿರುಗ್ಸು" ಎಂದರು.

"ಅಲ್ಲಿ ಯಾಕೆ?"

"ದಾಸಪ್ಪ ಮಾವನ್ನ ಕರ್ಯೋಕೆ."

"ಮೋನಿಕಾ ಮದ್ವೆಗೆ ಹೋದ ವಾರಾನೇ ಕರೆದ್ವಲ್ಲ!"

"ಅದಕ್ಕಲ್ಲ" ಎಂದರು ಲಕ್ಷ್ಮಿದೇವಮ್ಮ. "ನಮ್ಮ ಮದ್ವೆಗೆ. ತಟ್ಟೆ ಹೆಂಗೂ ತುಂಬಿದೆ."

ತೊಂಬತ್ತೆರಡರ ದಾಸಪ್ಪ ಮಾವ ಹಗ್ಗದ ಮಂಚದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಅರವತ್ತಾರರ ಮದುಮಗ ಕಾಲಿಗೆ ಬಿದ್ದು, ನಲವತ್ತೊಂದು ವರ್ಷ ತಡವಾದ ಕರೆಯೋಲೆಯನ್ನು ಒಂದಕ್ಷರವನ್ನೂ ಬಿಡದೆ ಒಪ್ಪಿಸಿದರು. ಮಾವ ಅವರನ್ನು ಬೋಳುತಲೆಯಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿ, ತಂಗಿಯ ಮಗಳು ಲಕ್ಷ್ಮಿದೇವಮ್ಮನವರನ್ನು ಹತ್ತಿರ ಕರೆದು ಇಡೀ ಸೋಲದೇವನಹಳ್ಳಿಗೆ ಕೇಳಿಸುವಂತೆ ಗುಟ್ಟು ಹೇಳಿದರು:

"ಹುಡುಗನಿಗೆ ಮರೆವು ಜಾಸ್ತಿ ಅಂತ ಕೇಳಿದೀನಿ. ಇನ್ನೊಂದ್ಸಲ ಯೋಚ್ನೆ ಮಾಡು ಲಚ್ಚೀ, ಇನ್ನೂ ಟೈಮೈತೆ."