ಒಂದೇ ಎತ್ತರದ ಎರಡು ಗುಡ್ಡ

ಶಾಮಲಾ ಒಂದೇ ಮಾತಿಗೆ ‘ಹೂಂ’ ಅಂದಳು. ಪ್ರಹ್ಲಾದರಾಯರ ಎದೆ ಧಸಕ್ಕೆಂದಿತು.

ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೂರು ದಿನ ವಾದ ನಡೆಯುವ ಮನೆ ಅದು. ಅಂಥದ್ದರಲ್ಲಿ, “ಹಿಂದಿನ ಖೋಲಿ ತುಂಬ ಆಟಿಗಿ ರೈಲಿನ ಹಳಿ ಹಾಕ್ತೀನಿ” ಅಂದರೆ, “ಹೂಂ, ಹಾಕ್ರಿ” ಎಂದು ಹೆಂಡತಿ ಮೆಂತ್ಯೆ ಸೋಸುತ್ತ ಕೂತರೆ ಯಾವ ಗಂಡ ತಾನೇ ನೆಮ್ಮದಿಯಾಗಿ ಇದ್ದಾನು?

ರೈಲು ನೆಪ ಮಾತ್ರ. (ಬಾಲಾನಗರದ ಕಾರ್ಖಾನೆಯಲ್ಲಿ ನಕ್ಷೆ ಬರೆದು ನಿವೃತ್ತರಾದಾಗ ಗೆಳೆಯರು ಕೊಟ್ಟ ಉಡುಗೊರೆ ಅದು.) ನಿಜವಾದ ಗುರಿ ಭಾವಮೈದುನ ಅರವಿಂದ. ಹೋದ ವರ್ಷ ಹಲ್ಲು ನೋವೆಂದು ಕಲಬುರಗಿಯಿಂದ ಮೆಹದಿಪಟ್ಟಣದ ಈ ಮನೆಗೆ ಬಂದವನು ಹಿಂದಿನ ಖೋಲಿಯಲ್ಲಿ ಎರಡು ತಿಂಗಳು ಠಿಕಾಣಿ ಹೂಡಿದ್ದ. ನೋವಿದ್ದದ್ದು ಹಲ್ಲಿಗೆ, ಸವೆದದ್ದು ರಾಯರ ಆರಾಮ ಕುರ್ಚಿ. ಈಗ ಮತ್ತೆ ವಾರಕ್ಕೆರಡು ಸಲ ಅಕ್ಕನಿಗೆ ಫೋನು ಬರುತ್ತಿತ್ತು. ಖೋಲಿಯಲ್ಲಿ ಮಂಚ ಹಾಕಲು ಜಾಗವೇ ಇಲ್ಲದಿದ್ದರೆ ಬಂದು ಮಾಡುವುದಾದರೂ ಏನು?

ರಾಯರು ನಕ್ಷೆ ಬರೆದರು. ನಾಲ್ಕೂ ಗೋಡೆಗೆ ಹತ್ತಿಕೊಂಡು ಅಗಲವಾದ ಹಲಗೆ, ಅದರ ಮೇಲೆ ಎರಡು ಸುತ್ತು ಹಳಿ, ಒಂದು ಮೂಲೆಗೆ ಲಿಂಗಂಪಲ್ಲಿ ಸ್ಟೇಷನ್ನು. ಚಾಲಕ ಮಹಾಶಯರು ನಿಲ್ಲಲು ನಟ್ಟನಡುವೆ ಎರಡೂವರೆ ಅಡಿ ಚೌಕದ ಜಾಗ. ಬಾಗಿಲ ಬಳಿ ಕೀಲು ಜೋಡಿಸಿದ ತುಂಡು ಹಲಗೆ: ಎತ್ತಿದರೆ ದಾರಿ, ಇಳಿಸಿದರೆ ರೈಲು. ಇಲಿ ಕೂಡ ಕಾಲು ಚಾಚಿ ಮಲಗಲಾರದು!

ಶಾಮಲಾ ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಹಲಿಗಿ ಸೊಂಟದ ಎತ್ತರಕ್ಕ ಇರ್ಲಿ. ಒಂದ್ ನೂರು ಕಿಲೋ ತಡೀತದೇನ್ರಿ?”

ರಾಯರ ಕಿವಿ ನಿಮಿರಿತು. ಅರವಿಂದನ ತೂಕ ತೊಂಬತ್ತನಾಲ್ಕು! “ರೈಲು ನೂರು ಕಿಲೋ ಇರ್ತದೇನ?”

“ಕೇಳೋದೂ ತಪ್ಪೇನ್ರಿ?”

ತಮ್ಮನನ್ನು ಹಲಗೆಯ ಮೇಲೆ ಮಲಗಿಸುವ ಹುನ್ನಾರ ಎಂದು ರಾಯರಿಗೆ ಖಾತ್ರಿಯಾಯಿತು. ಕೂಡಲೇ ಪೆನ್ಸಿಲ್ ತೆಗೆದು, ಮೈ ಚಾಚಲಾಗದಂತೆ ಹಲಗೆಯ ನಡುವೆ ಒಂದು ಗುಡ್ಡ ಬರೆದರು.

“ಒಂದ್ಯಾಕ? ಎರಡಿರ್ಲಿ. ಬಾಗಿಲ ಬಗಲಿನ ಗ್ವಾಡಿಗೆ, ಕೈಗೆ ಎಟಕೂ ಹಂಗ. ಎರಡೂ ಒಂದ ಎತ್ತರ, ನೆತ್ತಿ ಮಟ್ಟಸ ಇರ್ಲಿ.”

“ಗುಡ್ಡದ ನೆತ್ತಿ ಮಟ್ಟಸ ಇರ್ತದೇನ?”

“ನಮ್ಮ ಮನಿ ಗುಡ್ಡ ಇರ್ತದ ಬಿಡ್ರಿ!”

ರಾಯರು ರಾತ್ರಿ ಹಗಲು ಯೋಚಿಸಿದರು. ಇವಳು ಬಾಯಿ ಮಾಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಮೇಲಾಗಿ ಬಡಿಗನಿಗೆ ಎರಡು ಸಲ ಚಹಾ ಕೊಟ್ಟಳು. ಹಲಗೆಯ ಕೆಳಗೆ ಪರದೆ ತಾನೇ ಹೊಲಿದಳು. ಪರದೆ ಸರಿಸಿ ನೋಡಿದರೆ ಹಿತ್ತಾಳೆ ಪಾತ್ರೆ, ಡಬ್ಬಿ, ಬುಟ್ಟಿ ಒತ್ತೊತ್ತಾಗಿ ತುಂಬಿದ್ದವು. ಅರವಿಂದನ ಹಾಸಿಗೆ ಮಾತ್ರ ಎಲ್ಲೂ ಕಾಣಲಿಲ್ಲ. ಆದರೂ ಸಂಶಯ ಹೋಗಲಿಲ್ಲ.

ಭಾದ್ರಪದ ಬಂತು. ಒಂದು ಬೆಳಿಗ್ಗೆ ರಾಯರು ನಡುವಿನ ಚೌಕದಲ್ಲಿ ನಿಂತು, ತುಂಡು ಹಲಗೆ ಇಳಿಸಿ, ಗಾಡಿ ಬಿಟ್ಟಿದ್ದರು. ಮಡಿಸೀರೆ ಉಟ್ಟ ಶಾಮಲಾ, ಪಕ್ಕದ ಮನೆಯ ಹರ್ಷದಾಳ ಜೊತೆ ಬಂದು, ಹಲಗೆಯಂಚಿನಿಂದ ಕೈ ಚಾಚಿ ಒಂದೊಂದು ಗುಡ್ಡದ ಮೇಲೆ ಒಬ್ಬೊಬ್ಬ ಮಹಾಲಕ್ಷ್ಮಿಯನ್ನು ಕೂಡಿಸಿಯೇಬಿಟ್ಟಳು. ಮೂರು ದಿನದ ಹಬ್ಬಕ್ಕೆ ಮನೆಗೆ ಬರುವ ಅಕ್ಕ-ತಂಗಿ ಜ್ಯೇಷ್ಠಾ, ಕನಿಷ್ಠಾ, ಇಬ್ಬರೂ ರೇಷ್ಮೆ ಸೀರೆ ಉಟ್ಟು ಒಂದೇ ಎತ್ತರಕ್ಕೆ ಕಂಗೊಳಿಸಿದರು. ಮುಂದೆ ಧಾನ್ಯದ ರಾಶಿ, ಹಣ್ಣಿನ ಬುಟ್ಟಿ, ಕೊಡ. ಎಲ್ಲ ಕೂಡಿ ನೂರು ಕಿಲೋಗೆ ಕಡಿಮೆಯಿರಲಿಲ್ಲ.

“ಅಯ್ಯ ಶಾಮಲಾಬಾಯಿ, ಏನ್ ಅರಾಸ, ಏನ್ ಅಲಂಕಾರ ಮಾಡೀರಿ! ಲಕ್ಷ್ಮಿಯರು ರೈಲಿನ್ಯಾಗ ಬಂದಂಗ ಅದ!” ಎಂದು ಹರ್ಷದಾ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

“ವರ್ಷಾ ವರ್ಷಾ ಮಂದಿ ಮನಿ ಟೇಬಲ್ ತಂದು ಸಾಕಾಗಿತ್ತವ್ವ. ಈ ಸಲ ಇವರೇ ಭಕ್ತಿಯಿಂದ ಮಾಡಿ ಕೊಟ್ರು,” ಎಂದಳು ಶಾಮಲಾ.

ರಾಯರಿಗೆ ಸಿಟ್ಟೂ ಬಂತು, ಒಳಗೊಳಗೆ ಹಾಯೆನಿಸಿತು. ಇಷ್ಟೇನಾ? ಅರವಿಂದನ ಸುದ್ದಿಯೇ ಇಲ್ಲ! ಗೆದ್ದ ಗತ್ತಿನಲ್ಲಿ ಹೊರಬರಲು ತುಂಡು ಹಲಗೆಗೆ ಕೈ ಹಾಕಿದರು. ಅದರ ಮೇಲೆ, ಹಳಿಯ ಪಕ್ಕ, ಶಾಮಲಾ ಆಗಲೇ ಹೊತ್ತಿಸಿಟ್ಟ ನಂದಾದೀಪ ನಿಂತಿತ್ತು.

“ಮುಟ್ಟಬ್ಯಾಡ್ರಿ!” ಶಾಮಲಾ ಚೀರಿದಳು. “ದೀಪ ಇಟ್ಟ ಮ್ಯಾಲೆ ಮೂರು ದಿನ ಅಲುಗಾಡಸಂಗಿಲ್ಲ.”

“ಮತ್ತ ನಾ ಹೊರಗ ಹೆಂಗ ಬರ್ಲಿ?”

“ತೆಳಗಿಂದ ಬರ್ರಿ. ಅಯ್ಯೋ, ಅಲ್ಲಿ ಹೋಳಿಗಿ ಬುಟ್ಟಿ ಇಟ್ಟೀನಿ, ಮೈಲಿಗಿ ಆದೀತು! ನೈವೇದ್ಯ ಆಗೂ ತನಕ ಅಲ್ಲೇ ನಿಲ್ರಿ. ಸಂಜೀಕ ಮುತ್ತೈದೆಯರು ಬರ್ತಾರ. ಅರಿಷಿಣ-ಕುಂಕುಮ ಗಾಡಿ ಮ್ಯಾಲೆ ಕಳಸಾಕ ಯಾರರ ಬೇಕಲ್ಲ?”

ಅಷ್ಟರಲ್ಲಿ ಕರೆಗಂಟೆ ಸದ್ದಾಗಿ, ಹರ್ಷದಾ ಹೋಗಿ ಬಾಗಿಲು ತೆಗೆದಳು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಅವುಗಳ ಹಿಂದಿನಿಂದ ತೊಂಬತ್ತನಾಲ್ಕು ಕಿಲೋ. ಖೋಲಿಯ ಬಾಗಿಲಲ್ಲಿ ಅರವಿಂದನ ಮುಖ ಕಂಡಿತು.

“ಭಾವಾ, ಭಾಳ ಚಲೋ ಅದ ರೀ ರೈಲು! ಖರೇ ಅಕ್ಕಾ, ಈ ಖೋಲಿ ತುಂಬಿಬಿಟ್ಟದಲ್ಲ. ನಾ ಎಲ್ಲಿ ಮಲ್ಕೊಳ್ಲಿ?”

ರಾಯರು ಗಾಡಿ ನಿಲ್ಲಿಸಿ ಹೆಂಡತಿಯ ಕಡೆ ನೋಡಿದರು. ಇದಕ್ಕಾಗಿಯೇ ಅಲ್ಲವೇ ಮೂರು ತಿಂಗಳು ಬೆವರು ಸುರಿಸಿದ್ದು?

ಶಾಮಲಾ ದೀಪದ ಬತ್ತಿ ಮುಂದೆ ಮಾಡುತ್ತ ಹೇಳಿದಳು: “ನಿಮ್ಮ ಭಾವನ ಮಂಚ ಖಾಲಿ ಅದಲ್ಲೋ.”