ಗೋಡೆಗೇರಿದ ಧಣಿ

ಎಣ್ಣೆಬಣ್ಣದಲ್ಲಿ ಮುಖ ಬರೆಯುವವನ ಪಾಡು ಯಾರಿಗೂ ಬೇಡ ಮಾರಾಯ್ರೆ. ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಸೂರತ್ತಿನ ಅಡಾಜಣ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ಧಣಿಗಳ ಚಿತ್ರವನ್ನೇ ತಗೊಳ್ಳಿ.

೧. ಹಸಿರು ಮುಖ

ವಡೋದರದ ಗೋರ್ವಾದಲ್ಲಿರುವ ನನ್ನನ್ನು ತಮ್ಮ ಊರಿನವನೆಂದು ಧಣಿಗಳು ಕರೆಸಿದರು. "ನಾನು ಹೋದ ಮೇಲೆ ಮಕ್ಕಳು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ ತೂಗುಹಾಕ್ತಾರೆ. ಅದರಲ್ಲಿ ನಾನು ಕಳ್ಳನ ಹಾಗಿದ್ದೇನೆ. ಈಗಲೇ ಬರೆದುಬಿಡು, ನಾಯಿಯೂ ಜೊತೆಗಿರಲಿ."

ಅವರ ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. "ಮೊನ್ನೆ ಮೊನ್ನೆ ಎದೆನೋವಾಗಿ ಆಸ್ಪತ್ರೆಯಿಂದ ಬಂದಿದ್ದಾರೆ. ಬದುಕಿದ್ದವರನ್ನು ಯಾರಾದ್ರೂ ಗೋಡೆಗೆ ಏರಿಸ್ತಾರಾ?"

ಮೈಬಣ್ಣಕ್ಕೆ ಜೀವ ಬರಲಿ ಅಂತ ನಾನು ಮೊದಲು ಹಸಿರು ಬಳಿದು, ಅದು ಒಣಗಿದ ಮೇಲೆ ಕೆಂಪು, ಹಳದಿ ಏರಿಸುವವನು. ಕಾಫಿ ತಂದ ಅಮ್ಮ ಹಸಿರು ಗಂಡನನ್ನು ಕಂಡು "ಅಯ್ಯೋ ದೇವರೇ!" ಅಂದವರೇ, ಕುರ್ಚಿಯಲ್ಲಿದ್ದ ಗಂಡನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಅವರದು ಸರಿಯಾಗಿತ್ತು. ಆಮೇಲೆ ತಮ್ಮದು ನೋಡಿಕೊಂಡರು, ಅದು ಏರಿತ್ತು.

೨. ಅಸಲಿ ಕೂದಲು

ನಾಯಿಯ ಕೂದಲನ್ನು ಸಣ್ಣ ಕುಂಚದಲ್ಲಿ ಒಂದೊಂದಾಗಿ ಎಳೆದು ನನ್ನ ಕಣ್ಣು ಮಂಜಾಯಿತು. ಬಣ್ಣ ಹಸಿಯಿರುವಾಗಲೇ ನಾಯಿ ಬಂದು ತನ್ನ ಚಿತ್ರಕ್ಕೆ ಮೈ ಉಜ್ಜಿತು. ಅಂಟಿದ ಕೂದಲು ಕೀಳಹೋದರೆ ಬಣ್ಣವೂ ಬರುತ್ತಿತ್ತು, ಬಿಟ್ಟೆ. ಬಂದವರೆಲ್ಲ "ಥೇಟ್ ನಿಜವಾದ ಕೂದಲು!" ಅಂತ ಹೊಗಳಿದರು. ನಾನು ವಿನಯದಿಂದ ಕೈಮುಗಿದೆ. ನಾಯಿಯೊಂದು ಮಾತ್ರ ನನ್ನನ್ನೇ ನೋಡುತ್ತಿತ್ತು.

೩. ಮಲ್ಲಿಗೆ ಮಾಲೆ

ಚಿತ್ರ ಮುಗಿದರೂ ಅಮ್ಮ ಮನೆಯಲ್ಲಿ ಹಾಕಗೊಡಲಿಲ್ಲ. ಅವರ ಹೆದರಿಕೆ ನನಗೂ ಅರ್ಥವಾಗುತ್ತಿತ್ತು. ಧಣಿಗಳ ಕಣ್ಣಿನ ಕೆಳಗಿನ ತೆಳು ಚರ್ಮ ಬರೆಯುವಾಗ ನಾನೂ ಕುಂಚ ಕೆಳಗಿಟ್ಟು, ಅವರ ಉಸಿರು ಸರಿಯಿದೆಯಾ ಅಂತ ನೋಡಿದ್ದೆ. ಕೊನೆಗೆ ಚಿತ್ರ ಹೋಟೆಲಿನ ಗಲ್ಲಾದ ಮೇಲೆ, ದೇವರ ಫೋಟೋಗಳ ಪಕ್ಕ ಹೋಯಿತು.

ಮರುದಿನ ಬೆಳಿಗ್ಗೆ ದೇವರಿಗೆ ಹೂ ಹಾಕುವ ಅಡುಗೆಭಟ್ಟರು ಕೈ ಅಭ್ಯಾಸದಲ್ಲಿ ಧಣಿಗಳಿಗೂ ಒಂದು ಮಾಲೆ ಹಾಕಿ, ಊದುಬತ್ತಿ ಸಿಕ್ಕಿಸಿದರು. ನಾನು ಅಲ್ಲೇ ದೋಸೆ ತಿನ್ನುತ್ತಿದ್ದೆ. ಸಾಂಬಾರಿಗೆ ಸಿಹಿ ಸಾಲದೆಂದು ದಿನಾ ಜಗಳ ತೆಗೆಯುವ ಗುಜರಾತಿ ಗಿರಾಕಿ ಒಳಗೆ ಬಂದವನು, ಚಿತ್ರ ನೋಡಿ ಚಪ್ಪಲಿ ಬಿಟ್ಟ. "ಎಂಥಾ ಒಳ್ಳೆ ಮನುಷ್ಯ! ಇಂಥಾ ಸಾಂಬಾರ್ ಇನ್ನು ಎಲ್ಲಿ ಸಿಗಬೇಕು!" ಅಂತ ಕಣ್ಣೊರೆಸಿಕೊಂಡ.

ಅಡುಗೆಮನೆಯಿಂದ ಧಣಿಗಳು ಕೈ ಒರೆಸುತ್ತಾ ಬಂದರು. "ಇದನ್ನು ಮೊದಲೇ ಹೇಳ್ಬಾರದಿತ್ತಾ?"

ಗಿರಾಕಿ ಚಪ್ಪಲಿ ಬಿಟ್ಟೇ ಓಡಿದ.

ಸುದ್ದಿ ಕೇಳಿ ಅಮ್ಮ ರಿಕ್ಷಾದಲ್ಲಿ ಬಂದರು. ಮಾಲೆ ಕಿತ್ತು ಗಂಡನ ಕೊರಳಿಗೆ ಹಾಕಿ, ನಗಲೂ ಆಗದೆ ಅಳಲೂ ಆಗದೆ ನನ್ನ ಕಡೆ ತಿರುಗಿದರು.

"ಇಳಿಸಿ ಮಾರಾಯ್ರೆ ಅದನ್ನು. ಇಲ್ಲಿದ್ದರೆ ಇವರನ್ನು ದಿನಾ ಸಾಯಿಸ್ತಾರೆ, ಮನೆಗೇ ತನ್ನಿ."