ಹುಲ್ಲುಹಾಸಿಗಾಗಿ ಮೌನವ್ರತ

ಲಯನೆಲ್ ಟ್ಯಾಪ್ಲಿಗೆ ಇದ್ದದ್ದು ಒಂದೇ ಒಂದು ಕಾಯಿಲೆ. ಅದಕ್ಕೆ ಬಲ್ಗೇರಿಯಾದಲ್ಲೂ ಔಷಧಿ ಇರಲಿಲ್ಲ, ಅವನು ಬಿಟ್ಟು ಬಂದ ಇಂಗ್ಲೆಂಡಿನಲ್ಲೂ ಇರಲಿಲ್ಲ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ, "ನಮ್ಮ ಇಂಗ್ಲೆಂಡಿನಲ್ಲಿ ನಲ್ಲಿ ಹೀಗೆ ಕೆಮ್ಮಲ್ಲ" ಅನ್ನುವನು. ಅಂಗಡಿಗೆ ಹೋದರೆ, "ನಮ್ಮ ಇಂಗ್ಲೆಂಡಿನಲ್ಲಿ ಜನ ಸಾಲಾಗಿ ನಿಲ್ತಾರೆ" ಅನ್ನುವನು. ಮಳೆ ಬಂದರೆ, "ಇದೂ ಒಂದು ಮಳೆಯಾ? ನಮ್ಮ ಇಂಗ್ಲೆಂಡಿನ ಮಳೆ ನೋಡ್ಬೇಕು, ಎಷ್ಟು ಸಭ್ಯವಾಗಿ ಸುರಿಯತ್ತೆ!" (ಇಂಗ್ಲೆಂಡಿನ ಕೆಟರಿಂಗ್ ಎಂಬ ತನ್ನ ಊರಿನಲ್ಲಿ ಇದ್ದಷ್ಟು ಕಾಲ ಅದೇ ಸಭ್ಯ ಮಳೆಯನ್ನು ಬಾಯಿಗೆ ಬಂದಂತೆ ಬೈದು, ಬಿಸಿಲು ಬೇಕೆಂದು ಹಟ ಹಿಡಿದು, ಹೆಂಡತಿಯನ್ನು ದೋಲ್ನಾ ಕ್ರುಶಾ ಎಂಬ ಈ ಹಳ್ಳಿಗೆ ಎಳೆದು ತಂದ ಮಹಾನುಭಾವ ಇವನೇ.)

ಎಲ್ಲಕ್ಕಿಂತ ಹೆಚ್ಚಾಗಿ ಅವನ ಹೊಟ್ಟೆ ಉರಿಸುತ್ತಿದ್ದದ್ದು ಊರಿನ ಬಸ್ಸು. ಲಯನೆಲ್ ಮೂವತ್ತು ವರ್ಷ ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಂಡಿದ್ದವನು. ಇಲ್ಲಿನ ಡ್ರೈವರ್ ಸ್ಪಾಸ್ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಚಿಕ್ಕಮ್ಮನ ಮನೆಗೆ ಹೋಗಿ, ಚೀಸು ಕಟ್ಟಿಸಿಕೊಂಡು, ಆಕೆಯ ಮಂಡಿನೋವು ವಿಚಾರಿಸಿಕೊಂಡು ಬರುವ ಆಸಾಮಿ. ಅಷ್ಟು ಹೊತ್ತೂ ಪ್ರಯಾಣಿಕರು ಹಾಯಾಗಿ ಹರಟುತ್ತಾ ಕೂತಿರುತ್ತಿದ್ದರು. ಲಯನೆಲ್ ಒಬ್ಬನೇ ಗಡಿಯಾರ ನೋಡಿಕೊಂಡು ಕುದಿಯುತ್ತಿದ್ದ. "ನಮ್ಮ ಇಂಗ್ಲೆಂಡಿನಲ್ಲಿ ಹೀಗೆ ಮಾಡಿದ್ರೆ ಮನೆಗೆ ಕಳಿಸ್ತಾ ಇದ್ವಿ!" ಎಂದು ಮನೆಗೆ ಬಂದು ಗ್ಲೆನಿಸ್ ಮುಂದೆ ಎಗರಾಡುವನು. ಗ್ಲೆನಿಸ್ ಅವನ ಹೆಂಡತಿ, ಆದ್ದರಿಂದ ಕೇಳಿಸಿಕೊಳ್ಳುವುದು ಅವಳ ಪಾಲಿಗೆ ಬಂದಿತ್ತು.

ಅವರು ಬಂದು ಎರಡನೇ ಚಳಿಗಾಲ ಮುಗಿಯುತ್ತಾ ಬಂದಿತ್ತು. ಶನಿವಾರ ಬೆಳಿಗ್ಗೆ ಲಯನೆಲ್ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಂಗಳವನ್ನೆಲ್ಲ ಆವರಿಸಿದ್ದ ದ್ರಾಕ್ಷಿ ಚಪ್ಪರವನ್ನು ಶತ್ರುಸೈನ್ಯದಂತೆ ದಿಟ್ಟಿಸಿದ.

"ಗ್ಲೆನಿಸ್, ಈ ಒಣಕಡ್ಡಿ ಚಪ್ಪರ ಕಿತ್ತು ಹಾಕೋಣ. ಹುಲ್ಲು ಬೆಳೆಸೋಣ."

"ಯಾರಿಗೆ? ನೀನು ತಿಂತೀಯಾ?"

"ನೋಡೋಕೆ ಕಣೇ! ನಮ್ಮ ಇಂಗ್ಲೆಂಡಿನಲ್ಲಿ ಮನೆ ಮುಂದೆ ಹಸಿರು ಹುಲ್ಲುಹಾಸು..."

"ನೋಡೋಕೆ ನಾನಿದೀನಲ್ಲ, ಸಾಲದಾ?"

ತಮಾಷೆಗೆ ಅಂದರೂ ಗ್ಲೆನಿಸ್‌ಗೆ ಎದೆ ಧಸಕ್ಕೆಂದಿತು. ಆ ಚಪ್ಪರ ಅಂದರೆ ಅವಳಿಗೆ ಪ್ರಾಣ. ಮೊದಲ ಬೇಸಿಗೆಯಲ್ಲಿ ಅದರ ನೆರಳಲ್ಲಿ ಪಕ್ಕದ ಮನೆಯ ಸ್ತಾಂಕಜ್ಜಿಯ ಜೊತೆ ಮೆಣಸಿನಕಾಯಿ ಸುಡುತ್ತಾ, ಬೀದಿಯ ಹೆಂಗಸರ ಜೊತೆ ನಗುತ್ತಾ ಅವಳು ಇಲ್ಲಿನ ಭಾಷೆ ಕಲಿತಿದ್ದಳು. ಅಜ್ಜಿಯ ಗಂಡ ಮೆತೋದಿ ಯಾರೂ ಕರೆಯದೆ ತಾನೇ ಬಂದು ಬೇಡದ ಕಡ್ಡಿ ಕತ್ತರಿಸಿ ಬಳ್ಳಿ ಸವರಿ ಹೋಗುತ್ತಿದ್ದ. ಆದರೆ ಲಯನೆಲ್ ಇಂಗ್ಲೆಂಡಿನಿಂದ ಲಾರಿಯಲ್ಲಿ ತರಿಸಿದ್ದ ಹುಲ್ಲು ಕತ್ತರಿಸುವ ಯಂತ್ರ ಕೊಟ್ಟಿಗೆಯಲ್ಲಿ ಮದುವೆಯಾಗದ ಗಂಡಿನಂತೆ ಮುಸುಕು ಹೊದ್ದು ಕೂತಿತ್ತು. ಅವನು ಇಷ್ಟು ಸುಲಭಕ್ಕೆ ಬಿಡುವವನಲ್ಲ.

"ಸರಿ," ಅಂದಳು ಗ್ಲೆನಿಸ್, ಬಹಳ ಮೃದುವಾಗಿ. (ಅವಳು ಮೃದುವಾಗಿ ಮಾತಾಡಿದಾಗ ಓಡಿಹೋಗಬೇಕು ಎಂಬುದನ್ನು ಲಯನೆಲ್ ಇಷ್ಟು ವರ್ಷದಲ್ಲಿ ಕಲಿತಿರಲಿಲ್ಲ.) "ಒಂದೇ ಒಂದು ಷರತ್ತು. ನಾಳೆ ಬೆಳಿಗ್ಗೆಯಿಂದ ಸೂರ್ಯ ಮುಳುಗೋ ತನಕ ನಿನ್ನ ಬಾಯಲ್ಲಿ 'ನಮ್ಮ ಇಂಗ್ಲೆಂಡಿನಲ್ಲಿ' ಅನ್ನೋದು ಬರಬಾರದು. ಯಾವ ಭಾಷೇಲೂ ಬರಬಾರದು. ಗೆದ್ರೆ ಚಪ್ಪರ ಕೀಳು. ಸೋತ್ರೆ ಚಪ್ಪರದ ಮಾತು ಎತ್ತಬಾರದು, ಮೆತೋದಿ ಹತ್ರ ಬಳ್ಳಿ ಸವರೋದನ್ನೂ ಕಲೀಬೇಕು."

"ಅಷ್ಟೇನಾ? ಇದು ಯಾವ ಮಹಾ?"

"ಅಷ್ಟೇ ಕಣೋ, ರಾಜ."

ಭಾನುವಾರ ಎದ್ದ ಲಯನೆಲ್ ಒಂದು ಉಪಾಯ ಹೂಡಿದ. ಮಾತಾಡಿದರಲ್ಲವೇ ನಾಲಿಗೆ ಜಾರುವುದು? ಮಾತೇ ಬೇಡ. ಋಷಿಗಳಿಗೆ ಸಾಧ್ಯವಾದ ಮೌನವ್ರತ ಕೆಟರಿಂಗ್ ಡಿಪೋದವನಿಗೆ ಯಾಕೆ ಆಗುವುದಿಲ್ಲ? ನಲ್ಲಿ ಕೆಮ್ಮಿತು. ಲಯನೆಲ್ ತುಟಿ ಬಿಗಿ ಹಿಡಿದ. ಕರೆಂಟು ಹೋಯಿತು. ತುಟಿ ಇನ್ನೂ ಬಿಗಿಯಾಯಿತು. ಗ್ಲೆನಿಸ್ ಬೇಕೆಂದೇ ಬ್ರೆಡ್ಡನ್ನು ಅವನ ಮೂಗಿನ ಕೆಳಗೆ ಹಿಡಿದು, "ಸ್ವಲ್ಪ ಗಟ್ಟಿ ಅಲ್ವಾ ಲಯನೆಲ್? ನೀನೇನಂತೀಯ?" ಎಂದು ಕೆಣಕಿದಳು. ಇನ್ನು ಒಳಗಿದ್ದರೆ ಅಪಾಯ ಎಂದು ಅವನು ಟೀ ಕುಡಿಕೆ, ಹಾಲು, ಬಟ್ಟಲು ಎಲ್ಲವನ್ನೂ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೂತ. ಅದುವರೆಗೆ ಟೀ ಅವನಿಗೆ ಅಡುಗೆಮನೆಯಲ್ಲಿ ಪರದೆ ಎಳೆದುಕೊಂಡು ಮಾಡುವ ಖಾಸಗಿ ಪೂಜೆಯಾಗಿತ್ತು. ಹೊರಗೆ ತಂದದ್ದು ಇದೇ ಮೊದಲು. ಶಾಲು ಹೊದ್ದು, ಒಂದು ಬಟ್ಟಲು ಮುಗಿದರೆ ಇನ್ನೊಂದು ಬಗ್ಗಿಸಿಕೊಳ್ಳುತ್ತಾ, ಪಡುವಣ ಗುಡ್ಡದ ಕಡೆ ನೋಡುತ್ತಾ ಕೂತ.

ಬೇಲಿಯ ಆಚೆ ಕೋಳಿಗೆ ಕಾಳು ಹಾಕುತ್ತಿದ್ದ ಸ್ತಾಂಕಜ್ಜಿಯ ಕೈ ಹಾಗೇ ನಿಂತಿತು.

"ಏನಪ್ಪಾ ಅದು ಕುಡೀತಿರೋದು?"

"ಟೀ," ಅಂದ ಲಯನೆಲ್. ಒಂದಕ್ಷರಕ್ಕೆ ಅಪಾಯವಿಲ್ಲವಲ್ಲ.

"ಅಯ್ಯೋ ದೇವರೇ! ಏನಾಗಿದೆ ನಿಂಗೆ?"

"ಏನೂ ಆಗಿಲ್ಲ ಅಜ್ಜಿ."

"ಏನೂ ಆಗ್ದೆ ಯಾರಾದ್ರೂ ಟೀ ಕುಡೀತಾರಾ?"

ದೋಲ್ನಾ ಕ್ರುಶಾದಲ್ಲಿ ಆರೋಗ್ಯವಾಗಿರುವವರು ಕುಡಿಯುವುದು ಕಾಫಿ, ರಾತ್ರಿಯಾದರೆ ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ. ಟೀ ಕುಡಿಯುವುದು ಹಾಸಿಗೆ ಹಿಡಿದಾಗ. ಇದಕ್ಕೆ ಲಯನೆಲ್ ಬಳಿ ಸರಿಯಾದ ಉತ್ತರವಿತ್ತು. ನಮ್ಮ ಇಂಗ್ಲೆಂಡಿನಲ್ಲಿ ಗಟ್ಟಿಮುಟ್ಟಾಗಿರುವವರೂ ಟೀ ಕುಡಿಯುತ್ತಾರೆ ಅಜ್ಜಿ, ಎಂದರೆ ಮುಗಿದುಹೋಗುತ್ತಿತ್ತು. ಉತ್ತರ ಗಂಟಲಿನವರೆಗೆ ಬಂದೂ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಗ್ಲೆನಿಸ್‌ಳ ಮುಖ ಕಂಡಿತು. ಅವನು ಅದನ್ನು ಟೀಯ ಜೊತೆ ನುಂಗಿದ.

"ಸುಮ್ನೆ... ರುಚಿಯಾಗಿರತ್ತೆ ಅಂತ."

"ರುಚಿಗೆ ಟೀ! ಹಾಲು ಬೇರೆ ಹಾಕ್ಕೊಂಡಿದಾನೆ!" ಅಜ್ಜಿ ಬೇಲಿ ದಾಟಿ ಬಂದು ಹಣೆ ಮುಟ್ಟಿ ನೋಡಿದಳು. "ಗ್ಲೆನಿಸ್! ಮಗಳೇ! ಇವನಿಗೆ ಜ್ವರ ತಲೆಗೇರಿದೆ ಕಣೇ! ಯಾವಾಗಿಂದ ಹೀಗೆ?"

ಗ್ಲೆನಿಸ್ ಹೊರಗೆ ಬಂದಳು. ಅವಳು ಸುಳ್ಳು ಹೇಳುವವಳಲ್ಲ. "ಬೆಳಿಗ್ಗೆಯಿಂದ ನನ್ನ ಹತ್ರ ಒಂದು ಮಾತೂ ಆಡಿಲ್ಲ ಅಜ್ಜಿ," ಅಂದಳು.

"ಇವನಾ? ಮಾತಾಡಿಲ್ವಾ?" ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. "ಮೆತೋದೀ! ಬಾರೋ ಬೇಗ, ಇಂಗ್ಲಿಷಿನವನು ಹೋಗ್ತಿದಾನೆ!"

ಮುಂದೆ ನಡೆದದ್ದು ಲಯನೆಲ್‌ನ ಕೈಯಲ್ಲಿರಲಿಲ್ಲ, ಕಾಲಲ್ಲೂ ಇರಲಿಲ್ಲ. ಮೆತೋದಿ ಹೆಗಲಿಗೆ ಕೈಹಾಕಿ ಎತ್ತಿ ಒಳಗೆ ಹಾಸಿಗೆಯ ಮೇಲೆ ಕೆಡವಿದ. ಅಜ್ಜಿ ಉಣ್ಣೆಯ ಕಾಲುಚೀಲವನ್ನು ವಿನಿಗರ್‌ನಲ್ಲಿ ಅದ್ದಿ ಅವನ ಕಾಲಿಗೆ ತೊಡಿಸಿದಳು. ಮೆತೋದಿ ತನ್ನ ಸಾರಾಯಿಯನ್ನು ಅವನ ಎದೆಗೆ ಒಂದು ಪಾಲು ತಿಕ್ಕಿ, ತನ್ನ ಗಂಟಲಿಗೆ ಎರಡು ಪಾಲು ಸುರಿದುಕೊಂಡ. ಕೋಣೆಯೆಲ್ಲ ಉಪ್ಪಿನಕಾಯಿ ಭರಣಿಯ ವಾಸನೆ.

"ಆ ಕಿಟಕಿ ತೆಗೀರಿ, ಉಸಿರು ಕಟ್ತಿದೆ!"

"ಕಿಟಕಿನಾ? ಗಾಳಿ ಹೊಡೆದು ಸಾಯ್ಬೇಕು ಅಂತಿದೀಯಾ?" ಅಜ್ಜಿ ತೆರೆದಿದ್ದ ಒಂದು ಕಿಟಕಿಯನ್ನೂ ಮುಚ್ಚಿ ಸಂದಿಗೆ ಟವೆಲ್ಲು ತುರುಕಿದಳು.

ಇಂಗ್ಲೆಂಡಿನಲ್ಲಿ ಹಿಮ ಬಿದ್ದರೂ ಕಿಟಕಿ ತೆರೆದು ಮಲಗುತ್ತಾರೆ ಎಂಬ ಅಮೂಲ್ಯ ಸಂಗತಿ ಲಯನೆಲ್‌ನ ಹೊಟ್ಟೆಯಲ್ಲಿ ಗುಡುಗುಡು ಎಂದಿತು. ಅವನು ಹಸಿರು ಹುಲ್ಲುಹಾಸನ್ನು ಧ್ಯಾನಿಸುತ್ತಾ ಹಲ್ಲು ಕಚ್ಚಿದ. ಗ್ಲೆನಿಸ್ ಬಾಗಿಲ ಬಳಿ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಭುಜ ಕುಲುಕುತ್ತಿತ್ತು.

"ಅಳಬೇಡ ಮಗಳೇ, ಗಟ್ಟಿ ಜೀವ, ಉಳ್ಕೋತಾನೆ," ಎಂದು ಅಜ್ಜಿ ಸಮಾಧಾನ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬಂತು. ಯಾರೂ ಬಾಗಿಲು ತಟ್ಟಲಿಲ್ಲ. ಕೋಳಿ ಸೂಪು ಬಂತು, ಹುರುಳಿಬೀಜದ ಪಾತ್ರೆ ಬಂತು, ಚೀಸು ತುಂಬಿದ ಬಿಸಿ ಬಾನಿತ್ಸಾ ಬಂತು. ಅಂಗಡಿಯಾಕೆ ಅಂಗಡಿಗೆ ಬೀಗ ಹಾಕಿ ಬಂದು, "ಪಾಪ, ಸಾಲು ಸಾಲು ಅಂತ ಬಡ್ಕೋತಿದ್ದ," ಎಂದು ಕಣ್ಣೊರೆಸಿಕೊಂಡಳು. ಅಂದು ಮಾರ್ಚ್ ತಿಂಗಳ ಮೊದಲ ದಿನವಾದ್ದರಿಂದ ಇಲ್ಲಿನ ಪದ್ಧತಿಯಂತೆ ಬಂದವರೆಲ್ಲ ಆರೋಗ್ಯಕ್ಕಾಗಿ ಅವನ ಕೈಗೆ ಕೆಂಪು-ಬಿಳಿ ದಾರ ಕಟ್ಟಿದರು. ಎರಡು ಕೈಯಲ್ಲೂ ಜಾಗ ಸಾಲದೆ ಒಬ್ಬರು ಕಿವಿಗೂ ಸಿಕ್ಕಿಸಿದರು.

ಪರದೆಯ ಸಂದಿನಲ್ಲಿ ಲಯನೆಲ್‌ಗೆ ಗುಡ್ಡದ ತುದಿ ಕಾಣುತ್ತಿತ್ತು. ಸೂರ್ಯ ಇನ್ನೇನು ಒಂದು ಬೆರಳಿನಷ್ಟು ಮೇಲಿದ್ದ. ಗೆದ್ದೆ ಎಂದು ಅವನ ಎದೆ ಉಬ್ಬಿತು. (ತಿಕ್ಕಿದ ಸಾರಾಯಿಯ ಪ್ರಭಾವವೂ ಇರಬಹುದು.) ಅಷ್ಟರಲ್ಲಿ ಬೀದಿಯಲ್ಲಿ ಬಸ್ಸಿನ ಬ್ರೇಕು ಕಿರ್ರೆಂದಿತು. ಡ್ರೈವರ್ ಸ್ಪಾಸ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಅವನ ಹಿಂದೆ ಬಸ್ಸಿನಲ್ಲಿದ್ದ ಅಷ್ಟೂ ಪ್ರಯಾಣಿಕರು ಒಬ್ಬೊಬ್ಬರಾಗಿ ಬಂದರು.

ಗ್ಲೆನಿಸ್‌ಳ ಕಣ್ಣು ಮಿನುಗಿತು. ಬಸ್ಸು! ಇದೊಂದನ್ನು ಅವನು ತಡೆದುಕೊಳ್ಳಲಾರ.

"ನಮ್ಮ ಗಡಿಯಾರದ ಸಾಹೇಬರು ಮಲಗಿದಾರೆ ಅಂದ್ರು, ಬಸ್ಸು ನಿಲ್ಲಿಸ್ಬಿಟ್ಟೆ," ಅಂದ ಸ್ಪಾಸ್. ಕಂಕುಳಿಂದ ಒಂದು ಗಂಟು ತೆಗೆದ. "ಚಿಕ್ಕಮ್ಮನ ಚೀಸು. ನಿಮಗೇ ಅಂತ ಕೊಟ್ಟಳು. ಆಮೇಲೆ... ಇವತ್ತು ಬಸ್ಸು ಟೈಮಿಗೆ ಸರಿಯಾಗಿ ಹೊರಡಿಸಿದ್ದೆ ಸಾಹೇಬ್ರೆ. ನಿಮಗೆ ಖುಷಿಯಾಗ್ಲಿ ಅಂತ."

ಲಯನೆಲ್ ಆ ಗಂಟನ್ನು ನೋಡಿದ. ಬಾಗಿಲಲ್ಲಿ ಕಿಕ್ಕಿರಿದಿದ್ದ, ಹೆಸರೂ ಗೊತ್ತಿಲ್ಲದ ಮುಖಗಳನ್ನು ನೋಡಿದ. ಕೆಟರಿಂಗ್‌ನಲ್ಲಿ ಒಂದು ಸಲ ಅವನಿಗೆ ನ್ಯುಮೋನಿಯಾ ಬಂದು ವಾರಗಟ್ಟಲೆ ಮಲಗಿದ್ದು ನೆನಪಾಯಿತು. ಗೋಡೆಗೆ ಗೋಡೆ ತಾಗಿದ ಮನೆಯವರು ಬಾಗಿಲ ಸಂದಿನಿಂದ ಒಂದು ಕಾರ್ಡು ತೂರಿಸಿ ಹೋಗಿದ್ದರು, ಗಂಟೆ ಒತ್ತಿದರೆ ತೊಂದರೆಯಾದೀತು ಎಂದು. ಡಿಪೋದಿಂದ ಯಾರೂ ಬರಲಿಲ್ಲ. ಅವನಿಗೆ ಹುಲ್ಲೂ ಮರೆತುಹೋಯಿತು, ಸೂರ್ಯನೂ ಮರೆತುಹೋದ.

"ಸ್ಪಾಸ್," ಅಂದ, ಒಡೆದ ದನಿಯಲ್ಲಿ. "ನಮ್ಮ ಇಂಗ್ಲೆಂಡಿನಲ್ಲಿ ನಾನು ಸತ್ರೂ ಒಂದೇ ಒಂದು ಬಸ್ಸು ನಿಲ್ತಿರಲಿಲ್ಲ ಕಣಪ್ಪಾ!"

ಅಜ್ಜಿ ಮೂಗು ಒರೆಸಿಕೊಂಡಳು. ಗ್ಲೆನಿಸ್‌ಗೂ ನಿಜವಾಗಿ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಪರದೆ ಸರಿಸಿ, ಗುಡ್ಡದ ಮೇಲೆ ಉಳಿದಿದ್ದ ಸೂರ್ಯನ ಚೂರನ್ನು ಬೆರಳು ಮಾಡಿ ತೋರಿಸಿದಳು.

"ಚಪ್ಪರ ನಂದು," ಅಂದಳು.

ಲಯನೆಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಹೋದದ್ದು ಹೋಯಿತು, ಮಾನವಾದರೂ ಉಳಿಯಲಿ ಎಂದು ದಡಬಡಿಸಿ ಎದ್ದು ಕೂತ. ದಿನವಿಡೀ ನುಂಗಿದ್ದೆಲ್ಲ ಒಟ್ಟಿಗೆ ಹೊರಬಂತು.

"ಕೇಳ್ರಪ್ಪಾ ಎಲ್ರೂ! ನಂಗೆ ಏನೂ ಆಗಿಲ್ಲ! ನಮ್ಮ ಇಂಗ್ಲೆಂಡಿನಲ್ಲಿ ಆರೋಗ್ಯವಾಗಿರೋರೇ ಟೀ ಕುಡಿಯೋದು! ಬೆಳಿಗ್ಗೆ, ಮಧ್ಯಾಹ್ನ, ಸಂಜೆ! ಮಂತ್ರಿಗಳು ಕುಡೀತಾರೆ, ಪೊಲೀಸರು ಕುಡೀತಾರೆ, ಮಕ್ಕಳೂ ಕುಡೀತಾರೆ, ಎಲ್ಲಾ ಹಾಲು ಹಾಕ್ಕೊಂಡೇ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ತಾಂಕಜ್ಜಿ ನಿಧಾನವಾಗಿ ಶಿಲುಬೆಯ ಗುರುತು ಹಾಕಿಕೊಂಡಳು.

"ಅಯ್ಯೋ ಪಾಪ," ಅಂದಳು. "ಇಡೀ ದೇಶಕ್ಕೇ ಹುಷಾರಿಲ್ವಾ? ಅದಕ್ಕೇ ನೀವೆಲ್ಲ ಇಲ್ಲಿಗೆ ಬರ್ತೀರ."

ಮನೆಗೆ ಹೊರಡುವಾಗ ಆಕೆ ಲಯನೆಲ್‌ನ ಟೀ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಮೆತೋದಿಗೆ ಸಂಜೆಯಿಂದ ಯಾಕೋ ತಲೆ ತಿರುಗುತ್ತಿತ್ತಂತೆ. (ಯಾಕೆ ಎಂದು ಸಾರಾಯಿಯ ಬಾಟಲಿಗೆ ಗೊತ್ತಿತ್ತು.) ಮರುದಿನ ಬೆಳಿಗ್ಗೆ ಲಯನೆಲ್ ಕಪ್ಪು ಕಾಫಿ ಕುಡಿದು ಮುಖ ಕಿವುಚಿಕೊಂಡು, ಕಿವಿಯಲ್ಲಿ ಕೆಂಪು-ಬಿಳಿ ದಾರ ಸಿಕ್ಕಿಸಿಕೊಂಡೇ, ಚಪ್ಪರದ ಕೆಳಗೆ ಏಣಿ ಹತ್ತಿ ನಿಂತಿದ್ದ. ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಮೆತೋದಿ, ಯಾವ ಕಡ್ಡಿ ಕತ್ತರಿಸಬೇಕೆಂದು ಕೋಲಿನಿಂದ ತೋರಿಸುತ್ತಾ, ಹಾಲು ಹಾಕಿದ ಟೀಯನ್ನು ಔಷಧಿಯಂತೆ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದ.